ಕೊಡಚಾದ್ರಿಯ ಹವೆ ಕೊಲ್ಲೂರಿನದ್ದಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪ್ರವಾಸ ಪುರವಣಿಯಲ್ಲಿ ಬಂದ ಕೊಡಚಾದ್ರಿಯ ಬರಹ ಓದಿದೆ. ಅದರಲ್ಲಿ ಕೊಲ್ಲೂರಿನ ಉಷ್ಣಾಂಶ ಹಾಕಿ, ವರ್ಷವಿಡೀ ಸೂರ್ಯಾಸ್ತ ನೋಡಬಹುದು ಎಂದಿದ್ದೀರಿ. ನಾನು ನಿಟ್ಟೂರು ಕಡೆಯಿಂದ ಬೆಟ್ಟಕ್ಕೆ ಜೀಪು ಓಡಿಸುವವನು. ಆ ಸಾಲು ನಂಬಿ ಬಂದವರನ್ನು ಮೇಲೆ ಕರೆದೊಯ್ಯುವವರು ನಾವು. ಅದಕ್ಕೇ ಬರೆಯುತ್ತಿದ್ದೇನೆ.

ಕೊಲ್ಲೂರು ಘಟ್ಟದ ಬುಡದಲ್ಲಿದೆ. ಕೊಡಚಾದ್ರಿಯ ತುದಿ 1343 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಬೈಂದೂರಿನ ಕಡಲು ನೇರ ಲೆಕ್ಕದಲ್ಲಿ 30 ಕಿಲೋಮೀಟರಿನೊಳಗೇ. ಮಳೆಗಾಲದಲ್ಲಿ ಕಡಲ ಕಡೆಯ ಹಸಿ ಗಾಳಿ ಈ ಬೆಟ್ಟಕ್ಕೆ ಬಡಿದು ಮೇಲೇರುತ್ತದೆ, ತಣ್ಣಗಾಗಿ ಮೋಡ ಕಟ್ಟುತ್ತದೆ. ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ಇಳಿಯುತ್ತದೆ. ಕೆಳಗೆ ಬೆವರು ಒರೆಸಿಕೊಂಡು ಜೀಪು ಹತ್ತಿದ ಮಕ್ಕಳು ಮೂಲ ಮೂಕಾಂಬಿಕೆ ಗುಡಿಯ ಹತ್ತಿರ ಇಳಿಯುವಾಗ ನಡುಗುತ್ತಿರುತ್ತಾರೆ.

ಅಲ್ಲಿಂದ ತುದಿಯಲ್ಲಿರುವ ಸರ್ವಜ್ಞ ಪೀಠಕ್ಕೆ ನಡೆದೇ ಹೋಗಬೇಕು. ಗಾಳಿ ಎಂಥದ್ದು ಅಂತ ಗಿಡಮರ ನೋಡಿದರೇ ಗೊತ್ತಾಗುತ್ತದೆ. ಬೆಟ್ಟದ ನೆತ್ತಿಯಲ್ಲಿ ಬರೀ ಹುಲ್ಲು. ಮರಗಳೆಲ್ಲ ಗಾಳಿ ತಪ್ಪಿಸಿಕೊಂಡು ಕಣಿವೆಯ ಸಂದಿಯಲ್ಲಿವೆ, ಅವೂ ಗಿಡ್ಡ. ಅದೇ ಶೋಲಾ ಕಾಡು. ಸೌಪರ್ಣಿಕಾ ನದಿ ಹುಟ್ಟುವುದೂ ಈ ಬೆಟ್ಟದಲ್ಲೇ. ಈ ಹುಲ್ಲು, ಈ ಕಾಡು ಹಿಡಿದಿಟ್ಟ ನೀರು ಕೊಲ್ಲೂರಿಗೆ ಇಳಿಯುತ್ತದೆ.

ಆರಿದ್ರಾದಿಂದ ಆಶ್ಲೇಷ ಮಳೆವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ, ಸೂರ್ಯಾಸ್ತ ಹಾಗಿರಲಿ, ಹತ್ತು ಮಾರು ಮುಂದಿನ ದಾರಿ ಕಾಣದ ದಿನಗಳೇ ಜಾಸ್ತಿ. ನನಗೆ ಅದಕ್ಕಿಂತ ಹೆದರಿಕೆ ಅಕ್ಟೋಬರ್ ನಡುವಿನಿಂದ ನವೆಂಬರ್ ಮೊದಲವರೆಗಿನ ಚಿತ್ತೆ, ಸ್ವಾತಿ ಮಳೆಯದ್ದು. ಮಧ್ಯಾಹ್ನದವರೆಗೆ ಒಳ್ಳೆ ಬಿಸಿಲು, ಆಮೇಲೆ ಇದ್ದಕ್ಕಿದ್ದಂತೆ ಗುಡುಗು. ಏಪ್ರಿಲ್, ಮೇ ತಿಂಗಳಲ್ಲೂ ಇದೇ ಕತೆ. ಬೋಳು ನೆತ್ತಿಯ ಮೇಲೆ ಎಲ್ಲಕ್ಕಿಂತ ಎತ್ತರಕ್ಕೆ ನಿಂತಿರುವುದು ಮನುಷ್ಯನೇ ಅಲ್ವಾ? ಪೀಠದ ಕಲ್ಲಿನ ಮಂಟಪ ಸಿಡಿಲಿಗೆ ಆಸರೆಯಲ್ಲ. ಬೇಗ ಇಳಿಯೋಣ ಎಂದರೆ, “ಅಣ್ಣಾ, ಫೋನಲ್ಲಿ ಕೊಲ್ಲೂರು ಬಿಸಿಲು ಅಂತ ತೋರಿಸ್ತಿದೆ” ಎಂದು ಹಟ ಹಿಡಿಯುತ್ತಾರೆ. ಅವರದ್ದೇನು ತಪ್ಪು? ಅವರಿಗೆ ಸಿಕ್ಕಿದ್ದು ಕೆಳಗಿನ ಊರಿನ ಲೆಕ್ಕ.

ಬೆಟ್ಟಕ್ಕೆ ಬರಬೇಡಿ ಎನ್ನುತ್ತಿಲ್ಲ. ಡಿಸೆಂಬರ್, ಜನವರಿಯಲ್ಲಿ ಮೂಡಗಾಳಿ ಬೀಸಿ ಆಕಾಶ ತಿಳಿಯಾದ ದಿನ ಬನ್ನಿ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಲಿಂಗನಮಕ್ಕಿ ಹಿನ್ನೀರು, ಎರಡೂ ಒಂದೇ ಕಡೆ ನಿಂತು ಕಾಣುತ್ತವೆ. ಅಂಥ ಜಾಗ ನಮ್ಮ ತಾಲ್ಲೂಕಿನಲ್ಲಿದೆ ಅನ್ನುವುದು ನನಗೆ ಹೆಮ್ಮೆ.

ಮುಂದೆ ಬರೆಯುವಾಗ ತುದಿಯ ಹವೆಯನ್ನು ತಿಂಗಳುವಾರು ಬೇರೆಯಾಗಿ ಹಾಕಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆ ಅಳೆಯುತ್ತದೆ, ಸಿಡಿಲಿನ ಮುನ್ಸೂಚನೆಗೆ ‘ಸಿಡಿಲು’ ಎಂಬ ಆ್ಯಪ್ ಕೂಡ ಮಾಡಿದೆ. ಆದರೆ ಬೆಟ್ಟದಲ್ಲಿ ಸಿಗ್ನಲ್ ನಂಬುವಂತಿಲ್ಲ. ಆದ್ದರಿಂದ ಕೊಲ್ಲೂರು, ನಿಟ್ಟೂರಿನಲ್ಲಿ ಜೀಪು ಹೊರಡುವ ಕಡೆ ಒಂದೊಂದು ಫಲಕ ಇಟ್ಟು, ತುದಿಯ ಗಾಳಿ, ಮಂಜು, ಸಿಡಿಲಿನ ಸೂಚನೆಯನ್ನು ದಿನಾ ಬೆಳಿಗ್ಗೆ ಮತ್ತು ಮಧ್ಯಾಹ್ನ ಬರೆಯಲಿ. ಅರಣ್ಯ ಇಲಾಖೆ, ಪ್ರವಾಸೋದ್ಯಮ ಇಲಾಖೆ ಸೇರಿ ಮುಂದಿನ ಚಿತ್ತೆ ಮಳೆಯೊಳಗೆ ಇಷ್ಟು ಮಾಡಬೇಕು.

– ಒಬ್ಬ ಜೀಪು ಚಾಲಕ, ನಿಟ್ಟೂರು, ಹೊಸನಗರ ತಾಲ್ಲೂಕು