ಪಾಲಕ್–ರಿಕೊಟ್ಟಾ ಉಂಡೆ: ನೀರು ಹೋದರೆ ಹಿಟ್ಟು ಬೇಡ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಇತ್ತೀಚೆಗೆ ಇಟಲಿಯ ಪಾಲಕ್ ಮತ್ತು ರಿಕೊಟ್ಟಾ (ಹಾಲಿನ ತಿಳಿನೀರಿನಿಂದ ತೆಗೆಯುವ ಮೃದುವಾದ ಚೀಸ್) ಉಂಡೆಗಳನ್ನು ಮಾಡುವ ವಿಧಾನ ಪ್ರಕಟವಾಗಿತ್ತು. ಪಿಜ್ಜಾ, ಪಾಸ್ತಾಗಳ ಆಚೆಗೆ ಆ ದೇಶದ ಮನೆಯಡುಗೆಯೊಂದನ್ನು ಕನ್ನಡದ ಓದುಗರಿಗೆ ಪರಿಚಯಿಸಿದ್ದಕ್ಕೆ ಮೊದಲು ವಂದನೆಗಳು. ಆದರೆ ರಿಕೊಟ್ಟಾ ಸಿಗದಿದ್ದರೆ ಪನೀರ್ ತುರಿದು ಹಾಕಬಹುದು, ಮಿಶ್ರಣ ಸಡಿಲವಾದರೆ ಉಂಡೆ ಕಟ್ಟಲು ಬರುವವರೆಗೂ ಮೈದಾ ಅಥವಾ ಕಾರ್ನ್‌ಫ್ಲೋರ್ ಸೇರಿಸುತ್ತಾ ಹೋಗಬೇಕು ಎಂಬ ಅಲ್ಲಿನ ಸೂಚನೆಯನ್ನು ಪಾಲಿಸಿದವರ ತಟ್ಟೆಗೆ ಬರುವುದು ಬೇರೆಯದೇ ತಿನಿಸು. ಹೈನು ವಿಜ್ಞಾನ ಓದಿ, ಅದನ್ನೇ ಬಹುಕಾಲ ಪಾಠ ಹೇಳಿದವಳು ನಾನು. ಫ್ಲಾರೆನ್ಸ್‌ನಲ್ಲಿರುವ ಮಗಳ ಸಂಸಾರದ ಜೊತೆ ಇದ್ದಾಗ ಈ ಉಂಡೆಗಳನ್ನು ಅಲ್ಲಿನವರ ಅಡುಗೆಮನೆಯಲ್ಲಿ ನಿಂತು ಕಲಿತೆ. ಹಾಗಾಗಿ ಒಂದಿಷ್ಟು ವಿವರವಾಗಿಯೇ ಬರೆಯುತ್ತಿದ್ದೇನೆ. ಸ್ಥಳಾವಕಾಶ ಮಾಡಿಕೊಡಬೇಕಾಗಿ ವಿನಂತಿ.

ಇದು ಮಧ್ಯ ಇಟಲಿಯ ಟಸ್ಕನಿ ಪ್ರಾಂತ್ಯದ ಅಡುಗೆ. ಫ್ಲಾರೆನ್ಸ್ ಕಡೆ ಇದನ್ನು ನ್ಯೂಡಿ ಎನ್ನುತ್ತಾರೆ, ಸಿಯೆನಾ ಕಡೆ ಮಾಲ್ಫಾತ್ತಿ ಎನ್ನುತ್ತಾರೆ. ರವಿಯೋಲಿ ಎಂಬ ಹೂರಣ ತುಂಬಿದ ಪಾಸ್ತಾದ ಒಳಗಿಡುವ ಸೊಪ್ಪು–ರಿಕೊಟ್ಟಾ ಮಿಶ್ರಣವನ್ನು ಹಿಟ್ಟಿನ ಹೊದಿಕೆಯಿಲ್ಲದೆ ಹಾಗೆಯೇ ಉಂಡೆ ಮಾಡಿ ನೀರಿನಲ್ಲಿ ಬೇಯಿಸಿದರೆ ಅದೇ ನ್ಯೂಡಿ. ಹೋಳಿಗೆ ಮಾಡಿ ಗೊತ್ತಿರುವ ನಮಗೆ ಇದು ಬೇಗ ಅರ್ಥವಾಗುತ್ತದೆ: ಕಣಕವಿಲ್ಲದೆ ಬರೀ ಹೂರಣವನ್ನೇ ಬೇಯಿಸಿದ ಹಾಗೆ. ಹೂರಣ ನೀರಾಗಿದ್ದರೆ ಕಣಕವಿದ್ದೂ ಹೋಳಿಗೆ ಹರಿಯುತ್ತದೆ ಎಂದ ಮೇಲೆ, ಕಣಕವೇ ಇಲ್ಲದ ಕಡೆ ಒಳಗಿನ ಪದಾರ್ಥ ಎಷ್ಟು ಒಣಗಿರಬೇಕು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರಿನ ಅಂಶ ಉಳಿದಿದ್ದಾಗ ಹಿಟ್ಟು ಸುರಿದರೆ ಉಂಡೆಯೇನೋ ಕಟ್ಟಲು ಬರುತ್ತದೆ. ಆದರೆ ಆ ಹಿಟ್ಟು ಬೇಯುವಾಗ ನೀರು ಕುಡಿದು ಉಬ್ಬಿ ಉಂಡೆಯನ್ನು ಜಿಗುಟು ಮಾಡುತ್ತದೆ, ಸೊಪ್ಪಿನ ಮತ್ತು ಹಾಲಿನ ರುಚಿ ಹಿಂದಕ್ಕೆ ಸರಿಯುತ್ತದೆ. ಸೊಪ್ಪಿನ ನೀರು ಮೊದಲೇ ಹೋಗಿದ್ದರೆ ನಾಲ್ಕು ಜನರ ಉಂಡೆಗೆ ಎರಡು ದೊಡ್ಡ ಚಮಚ ಮೈದಾ ಧಾರಾಳವಾಗಿ ಸಾಕು.

ಸೊಪ್ಪಿನ ವಿಚಾರದಲ್ಲಿ ನಮ್ಮ ಓದುಗರು ಹಿಂಜರಿಯಬೇಕಾಗಿಲ್ಲ. ನಮ್ಮ ಮಾರುಕಟ್ಟೆಯಲ್ಲಿ ಪಾಲಕ್ ಎಂದು ಮಾರುವ ಸೊಪ್ಪಿನಲ್ಲಿ ಬಹುಪಾಲು ಸಸ್ಯಶಾಸ್ತ್ರದ ಪ್ರಕಾರ ಯುರೋಪಿನ ಸ್ಪಿನಾಚ್ ಅಲ್ಲ, ಬೀಟ್‌ರೂಟಿನ ಜಾತಿಗೆ ಸೇರಿದ ಬೀಟಾ ವಲ್ಗ್ಯಾರಿಸ್; ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದ ಅರ್ಕಾ ಅನುಪಮ ತಳಿಯೂ ಇದೇ ಗುಂಪಿನದು. ಇದನ್ನು ಕೊರತೆಯೆಂದು ಯಾರೂ ಭಾವಿಸಬಾರದು. 1891ರಲ್ಲಿ ಫ್ಲಾರೆನ್ಸ್‌ನಲ್ಲಿ ಪ್ರಕಟವಾಗಿ ಇಂದಿಗೂ ಇಟಲಿಯ ಮನೆಗಳಲ್ಲಿ ಬಳಕೆಯಲ್ಲಿರುವ ಪೆಲ್ಲೆಗ್ರೀನೊ ಆರ್ತೂಸಿಯವರ ಅಡುಗೆ ಪುಸ್ತಕದಲ್ಲಿ ಹೊದಿಕೆಯಿಲ್ಲದ ಇಂತಹ ಉಂಡೆಗೆ 300 ಗ್ರಾಂ ರಿಕೊಟ್ಟಾ, 50 ಗ್ರಾಂ ತುರಿದ ಪಾರ್ಮೆಸಾನ್ ಎಂಬ ಗಟ್ಟಿ ಚೀಸ್ ಮತ್ತು ಮುಷ್ಟಿಯಲ್ಲಿ ಹಿಡಿಯುವಷ್ಟು ಬೇಯಿಸಿದ ಬಿಯೆತೊಲಾ ಸೊಪ್ಪನ್ನು ಹೇಳಿದೆ. ಆ ಬಿಯೆತೊಲಾ ಕೂಡ ಬೀಟಾ ವಲ್ಗ್ಯಾರಿಸ್ಸೇ. ಅಂದರೆ ನಮ್ಮ ಸಂತೆಯ ಪಾಲಕ್ ಕಟ್ಟು ಆ ಹಳೆಯ ಟಸ್ಕನ್ ಅಡುಗೆಗೆ ನೇರ ಸಂಬಂಧಿ. ಟಸ್ಕನಿಯಲ್ಲೇ ಕೆಲವರು ಚಿಗುರು ತುರಿಕೆ ಸೊಪ್ಪನ್ನೂ ಹಾಕುತ್ತಾರೆ.

ಅರ್ಧ ಕೆ.ಜಿ. ಪಾಲಕ್ ತಂದು ದಪ್ಪ ದಂಟು ತೆಗೆದು, ಮಣ್ಣು ಹೋಗುವವರೆಗೆ ತೊಳೆದು, ಎಲೆಗೆ ಅಂಟಿದ ನೀರಿನಲ್ಲೇ ಮುಚ್ಚಿ ಬಾಡಿಸಬೇಕು. ಬೇರೆ ನೀರು ಹಾಕಬಾರದು. ಆರಿದ ಮೇಲೆ ಎರಡು ಅಂಗೈಗಳ ನಡುವೆ ಹಿಂಡಿದರೆ ಕಡುಹಸಿರು ನೀರು ಧಾರೆಯಾಗಿ ಇಳಿಯುತ್ತದೆ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ, ಪುರವಣಿಯ ಬರಹವೂ ಇಲ್ಲಿಗೇ ನಿಲ್ಲಿಸಿತ್ತು. ಆದರೆ ಎಲೆಯ ಮಡಿಕೆಗಳಲ್ಲಿ ಇನ್ನೂ ಸಾಕಷ್ಟು ನೀರು ಅಡಗಿರುತ್ತದೆ. ಹಿಂಡಿದ ಸೊಪ್ಪನ್ನು ಸಣ್ಣಗೆ ಹೆಚ್ಚಿ, ತೆಳುವಾದ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ ಇನ್ನೊಮ್ಮೆ ತಿರುಚಿ ಹಿಂಡಿದರೆ ಮೊದಲು ಬಾರದ ನೀರು ಈಗ ಹನಿಹನಿಯಾಗಿ ಹೊರಬೀಳುತ್ತದೆ. ಅರ್ಧ ಕೆ.ಜಿ. ಸೊಪ್ಪು ಒಂದು ಮುಷ್ಟಿಯೊಳಗೆ ಕೂರುವ ಗಟ್ಟಿ ಮುದ್ದೆಯಾಗಬೇಕು. ಅದನ್ನು ಒಣಗಿದ ಬಿಳಿ ತಟ್ಟೆಯ ಮೇಲೆ ಒತ್ತಿ ಎತ್ತಿದಾಗ ಸುತ್ತ ಹಸಿರು ನೀರಿನ ಅಂಚು ಮೂಡಿದರೆ ಮತ್ತೆ ಹಿಂಡಬೇಕು. ಮಿಕ್ಸಿಗೆ ಹಾಕುವುದು ಬೇಡ, ರುಬ್ಬಿದ ಸೊಪ್ಪು ನೀರು ಬಿಡದ ಗೊಜ್ಜಾಗುತ್ತದೆ.

ಇನ್ನು ರಿಕೊಟ್ಟಾ. ಟಸ್ಕನಿಯಲ್ಲಿ ಕುರಿಯ ಅಥವಾ ಹಸುವಿನ ಹಾಲನ್ನು ಸುಮಾರು 35 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ರೆನೆಟ್ ಎಂಬ ಕಿಣ್ವ ಹಾಕಿ ಹೆಪ್ಪುಗಟ್ಟಿಸಿ ಚೀಸ್ ತೆಗೆಯುತ್ತಾರೆ. ಆ ಕಡಿಮೆ ಬಿಸಿಯಲ್ಲಿ ಗಟ್ಟಿಯಾಗುವುದು ಕೇಸಿನ್ ಎಂಬ ಪ್ರೋಟೀನ್ ಮಾತ್ರ. ಉಳಿದ ಪ್ರೋಟೀನುಗಳು ತಿಳಿನೀರಿನಲ್ಲೇ ಉಳಿಯುತ್ತವೆ. ಆ ತಿಳಿನೀರನ್ನು ಮತ್ತೆ 80ರಿಂದ 90 ಡಿಗ್ರಿವರೆಗೆ ಕಾಯಿಸಿದಾಗ ಮೇಲೆ ತೇಲಿ ಬರುವ ಮೃದುವಾದ ಬಿಳಿ ಪದರವೇ ರಿಕೊಟ್ಟಾ. ನಾವು ಪನೀರ್ ಮಾಡುವ ಕ್ರಮವೇ ಬೇರೆ. ಹಾಲನ್ನು ಕುದಿಯುವ ಮಟ್ಟಕ್ಕೆ ಕಾಯಿಸಿದಾಗಲೇ ಆ ಉಳಿದ ಪ್ರೋಟೀನುಗಳು ಕೇಸಿನ್‌ಗೆ ಅಂಟಿಕೊಳ್ಳುತ್ತವೆ, ನಿಂಬೆರಸ ಬಿದ್ದೊಡನೆ ಎಲ್ಲವೂ ಒಟ್ಟಿಗೆ ಒಡೆಯುತ್ತದೆ, ಮೇಲೆ ಭಾರ ಹೇರಿದ ಮೇಲೆ ಗಟ್ಟಿ ಇಟ್ಟಿಗೆಯಾಗುತ್ತದೆ. ಪನೀರ್ ಬಿಸಿಗೆ ಕರಗುವುದಿಲ್ಲ, ಎಷ್ಟು ತುರಿದರೂ ಉಂಡೆಯೊಳಗೆ ಕಾಳುಕಾಳಾಗಿ ಉಳಿಯುತ್ತದೆ; ಅದನ್ನು ಹಿಡಿದಿಡಲೆಂದೇ ಪುರವಣಿಯ ವಿಧಾನಕ್ಕೆ ಅಷ್ಟೊಂದು ಹಿಟ್ಟು ಬೇಕಾಗಿರುವುದು. ಪನೀರ್ ಮಾಡಿ ಉಳಿದ ನೀರನ್ನು ಮತ್ತೆ ಕುದಿಸಿ ರಿಕೊಟ್ಟಾ ತೆಗೆಯಬಹುದೆಂಬ ಸಲಹೆಯೂ ಕೆಲವೆಡೆ ಓಡಾಡುತ್ತಿದೆ. ಆ ನೀರಿನಲ್ಲಿ ಹೆಪ್ಪುಗಟ್ಟಬಲ್ಲ ಪ್ರೋಟೀನ್ ಬಹುತೇಕ ಉಳಿದೇ ಇರುವುದಿಲ್ಲವಾದ್ದರಿಂದ ಅನಿಲ ಖರ್ಚಾಗುತ್ತದೆಯೇ ಹೊರತು ಕೈಗೆ ಏನೂ ಹತ್ತುವುದಿಲ್ಲ.

ರಿಕೊಟ್ಟಾ ಸಿಗದ ಊರಿನವರು ಒಂದೂವರೆ ಲೀಟರ್ ಗಟ್ಟಿ ಹಾಲನ್ನು ಅಂಚಿನಲ್ಲಿ ಗುಳ್ಳೆ ಬರುವವರೆಗೆ ಕಾಯಿಸಿ, ಒಲೆ ಆರಿಸಿ, ಮೂರು ದೊಡ್ಡ ಚಮಚ ನಿಂಬೆರಸವನ್ನು ಅಷ್ಟೇ ನೀರಿನಲ್ಲಿ ಬೆರೆಸಿ ನಿಧಾನವಾಗಿ ಹಾಕಿ, ಒಂದೆರಡು ಸುತ್ತು ಮಾತ್ರ ಕೈಯಾಡಿಸಿ ಹತ್ತು ನಿಮಿಷ ಹಾಗೆಯೇ ಬಿಡಬೇಕು. ಬಳಿಕ ಸೌಟಿನಲ್ಲಿ ಮೆಲ್ಲಗೆ ಎತ್ತಿ ಬಟ್ಟೆಗೆ ಹಾಕಿ ತೂಗಿಬಿಡಬೇಕು. ಹಿಂಡಬಾರದು, ಮೇಲೆ ಭಾರ ಇಡಲೂಬಾರದು. ಸುಮಾರು 300 ಗ್ರಾಂ ಮೃದುವಾದ ಗಿಣ್ಣದಂಥ ಪದಾರ್ಥ ಸಿಗುತ್ತದೆ. ಇದು ಟಸ್ಕನಿಯ ರಿಕೊಟ್ಟಾ ಅಲ್ಲ, ಆದರೆ ಅಂಗಡಿಯ ಪನೀರಿಗಿಂತ ಅದಕ್ಕೆ ಬಹಳ ಹತ್ತಿರ.

ಹಿಂಡಿದ ಸೊಪ್ಪು, ರಿಕೊಟ್ಟಾ, 50 ಗ್ರಾಂ ತುರಿದ ಚೀಸ್, ಒಂದು ಮೊಟ್ಟೆ, ಎರಡು ದೊಡ್ಡ ಚಮಚ ಮೈದಾ, ಉಪ್ಪು, ಕಾಳುಮೆಣಸಿನ ಪುಡಿ ಮತ್ತು ಆಗಷ್ಟೇ ತುರಿದ ಜಾಯಿಕಾಯಿ, ಇಷ್ಟನ್ನು ಕಲಸಿ ಅರ್ಧ ಗಂಟೆ ಫ್ರಿಜ್‌ನಲ್ಲಿಡಬೇಕು. ಜಾಯಿಕಾಯಿಯನ್ನು ದಯವಿಟ್ಟು ಬಿಡಬೇಡಿ. ನಮ್ಮ ಕರಾವಳಿ ಮತ್ತು ಮಲೆನಾಡಿನ ಅಡಕೆ ತೋಟಗಳಲ್ಲಿ ಬೆಳೆದರೂ ನಾವು ಅದನ್ನು ಸಿಹಿ ತಿನಿಸಿಗೇ ಮೀಸಲಿಟ್ಟಿದ್ದೇವೆ. ಸೊಪ್ಪಿನ ಒಗರನ್ನು ಅದು ಎಷ್ಟು ಚೆನ್ನಾಗಿ ತಗ್ಗಿಸುತ್ತದೆ ಎಂಬುದನ್ನು ಇಲ್ಲಿ ತಿಂದು ನೋಡಬೇಕು.

ಸಸ್ಯಾಹಾರಿಗಳಿಗೆ ಸಂಬಂಧಿಸಿದ ಎರಡು ಸಂಗತಿಗಳನ್ನು ಪುರವಣಿ ಹೇಳಲೇ ಇಲ್ಲ. ಪಾರ್ಮಿಜಾನೊ ರೆಜ್ಜಾನೊ ಎಂಬ ಅಸಲಿ ಪಾರ್ಮೆಸಾನನ್ನು ಇಟಲಿಯ ನಿಯಮದ ಪ್ರಕಾರ ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿಯೇ ಮಾಡಬೇಕು. ಚೀಸ್ ತಾನೇ, ಹಾಲಿನದು ತಾನೇ ಎಂದು ನಂಬಿ ಕೊಳ್ಳುವ ಓದುಗರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರು ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇರುವ, ಸೂಕ್ಷ್ಮಾಣುಜನ್ಯ ರೆನೆಟ್‌ನಿಂದ ಮಾಡಿದ ಗಟ್ಟಿ ಚೀಸ್ ಆರಿಸಿಕೊಳ್ಳಬಹುದು. ಎರಡನೆಯದು ಮೊಟ್ಟೆ. ಮೊಟ್ಟೆ ಬೇಡವೆನ್ನುವವರು ಅದರ ಬದಲು ಹಿಟ್ಟು ಹೆಚ್ಚಿಸುವ ಅಗತ್ಯವಿಲ್ಲ. ಉಂಡೆಗಳನ್ನು ಅಗಲ ತಟ್ಟೆಯಲ್ಲಿ ಹರಡಿದ ಚಿರೋಟಿ ರವೆಯ ಮೇಲಿಟ್ಟು, ಮೇಲೂ ಪೂರ್ತಿ ಮುಚ್ಚುವಂತೆ ರವೆ ಸುರಿದು, ಫ್ರಿಜ್‌ನಲ್ಲಿ ಒಂದು ರಾತ್ರಿ, ಸಾಧ್ಯವಾದರೆ ಒಂದು ಪೂರ್ತಿ ದಿನ ಬಿಟ್ಟರೆ, ರವೆ ಉಂಡೆಯ ಮೇಲ್ಮೈಯ ತೇವವನ್ನು ಹೀರಿ ತಾನೇ ತೆಳುವಾದ ಪೊರೆಯಾಗುತ್ತದೆ. ಆ ಪೊರೆ ಬೇಯುವಾಗ ಉಂಡೆಯನ್ನು ಹಿಡಿದಿಡುತ್ತದೆ, ಒಳಗಿನದು ಬೆಣ್ಣೆಯಂತೆ ಮೃದುವಾಗಿಯೇ ಇರುತ್ತದೆ. ನನಗಂತೂ ಮೊಟ್ಟೆ ಹಾಕಿದ್ದಕ್ಕಿಂತ ಇದೇ ಹೆಚ್ಚು ಇಷ್ಟ.

ಉಂಡೆ ಅಡಕೆಗಿಂತ ದೊಡ್ಡದು, ನಿಂಬೆಹಣ್ಣಿಗಿಂತ ಚಿಕ್ಕದು ಇರಲಿ. ಮೊಟ್ಟೆ ಹಾಕಿದ್ದಾದರೆ ಮೈದಾದಲ್ಲಿ ಹೊರಳಿಸಿ ಹೆಚ್ಚಿನದನ್ನು ಕೊಡವಿ. ಅಗಲ ಪಾತ್ರೆಯಲ್ಲಿ ಉಪ್ಪು ಹಾಕಿದ ನೀರು ಕೊತಕೊತ ಕುದಿಯಬಾರದು, ಮೇಲ್ಮೈ ಅಲುಗುತ್ತಿದ್ದರೆ ಸಾಕು. ಮೊದಲು ಒಂದೇ ಒಂದು ಉಂಡೆ ಬಿಟ್ಟು ನೋಡುವುದು ಅಲ್ಲಿನವರ ಪದ್ಧತಿ. ಅದು ಒಡೆದರೆ ಮಾತ್ರ ಉಳಿದ ಮಿಶ್ರಣಕ್ಕೆ ಒಂದು ಚಮಚ ಹಿಟ್ಟು ಸೇರುತ್ತದೆ, ಒಡೆಯದಿದ್ದರೆ ಅದೂ ಇಲ್ಲ. ಎರಡು ಮೂರು ನಿಮಿಷದಲ್ಲಿ ಉಂಡೆಗಳು ಮೇಲೆ ತೇಲುತ್ತವೆ. ಇನ್ನೊಂದು ನಿಮಿಷ ಬಿಟ್ಟು ಜಾಲರಿಯಿಂದ ಎತ್ತಿ, ಸೇಜ್ ಎಂಬ ಪರಿಮಳದ ಎಲೆ ಹಾಕಿ ಹೊಂಬಣ್ಣಕ್ಕೆ ಕಾಯಿಸಿದ ಬೆಣ್ಣೆಯಲ್ಲಿ ಹೊರಳಿಸಿ, ಮೇಲೆ ಚೀಸ್ ಉದುರಿಸಿದರೆ ಆಯಿತು. ಸೇಜ್ ಸಿಗದಿದ್ದರೆ ಬರೀ ಬೆಣ್ಣೆ, ಕಾಳುಮೆಣಸು ಸಾಕು. ಟೊಮೆಟೊ ಸಾಸ್ ಜೊತೆ ತಿನ್ನುವವರೂ ಟಸ್ಕನಿಯಲ್ಲಿದ್ದಾರೆ. ಪುರವಣಿ ಸೂಚಿಸಿದ ಸಾಸಿವೆ–ಕರಿಬೇವಿನ ಒಗ್ಗರಣೆ ಇಲ್ಲಿ ಬೇಡವೆಂದೇ ನನ್ನ ಅಭಿಪ್ರಾಯ. ಹಾಲಿನ ಅಷ್ಟು ನಯವಾದ ರುಚಿ ಆ ಘಾಟಿನೆದುರು ನಿಲ್ಲುವುದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಪುರವಣಿಯಲ್ಲಿ ಪನೀರ್ ಮತ್ತು ಹಿಟ್ಟಿನ ಕುರಿತ ಆ ಎರಡು ಸಾಲುಗಳಿಗೆ ತಿದ್ದುಪಡಿ ಹಾಕಬೇಕು. ಪಾಕ ವಿಧಾನಗಳಲ್ಲಿ ಬಟ್ಟಲು, ಕಟ್ಟು ಎಂದು ಬರೆಯುವ ಬದಲು ಗ್ರಾಂ ಲೆಕ್ಕ ಕೊಡಬೇಕು; ಒಂದೊಂದು ಊರಿನ ಪಾಲಕ್ ಕಟ್ಟು ಒಂದೊಂದು ಗಾತ್ರದ್ದು. ಪಾರ್ಮೆಸಾನ್ ಹೆಸರು ಬಂದ ಕಡೆಯಲ್ಲೆಲ್ಲ ರೆನೆಟ್ ವಿಷಯವನ್ನು ಒಂದು ಸಾಲಿನಲ್ಲಾದರೂ ತಿಳಿಸಬೇಕು.

ಇತಿ,
ತಮ್ಮ ವಿಶ್ವಾಸಿ,
ಪುರವಣಿಯ ಹಳೆಯ ಓದುಗಾರ್ತಿ, ಮೈಸೂರು