8 ಕಿಲೋಮೀಟರ್ ಲಿಂಕ್ ಬೀಳದೆ ನಿಂತಿದೆ, ಎಲ್ರಿಗೂ ಥ್ಯಾಂಕ್ಸ್

ನಿನ್ನೆಗೆ ಸರಿಯಾಗಿ ಒಂದು ತಿಂಗಳಾಯ್ತು, ನಮ್ಮ ಹ್ಯಾಮ್ (ಹವ್ಯಾಸಿ ರೇಡಿಯೋ) ಮೆಶ್ ಲಿಂಕ್, ಅಂದ್ರೆ ಎರಡು ಟೆರೇಸ್ ಮಧ್ಯೆ ರೇಡಿಯೋ ಮೇಲೆ ಡೇಟಾ ಕಳಿಸೋ ಸಂಪರ್ಕ, ಒಂದ್ಸಲಾನೂ ಬಿದ್ದಿಲ್ಲ. ವಾರದಿಂದ ಇದನ್ನ ಬರೀಬೇಕು ಅಂದ್ಕೊಳ್ತಿದ್ದೆ, ಬರೆದ ತಕ್ಷಣ ದೃಷ್ಟಿ ಬಿದ್ದು ಕೆಟ್ಟೋದ್ರೆ ಅಂತ ಸುಮ್ನಿದ್ದೆ.

ಶುರು ಮಾಡಿದ್ದು 2.4 ಗಿಗಾಹರ್ಟ್ಸ್‌ನಲ್ಲಿ, ಯಾಕಂದ್ರೆ ಕೈಲಿದ್ದ ಹಳೇ ರೇಡಿಯೋ ಅದೇ. ಸಿಗ್ನಲ್ ಮೈನಸ್ 70 ಬರ್ತಿತ್ತು (ಈ ಅಂಕಿ ಸೊನ್ನೆಗೆ ಹತ್ತಿರ ಆದಷ್ಟೂ ಸಿಗ್ನಲ್ ಗಟ್ಟಿ), ನೋಡೋಕೆ ಏನೂ ತೊಂದ್ರೆ ಇಲ್ಲ, ಆದ್ರೆ ಡೇಟಾ ಮಾತ್ರ ಕುಂಟ್ಕೊಂಡು ಹೋಗ್ತಿತ್ತು. ಎರಡು ವಾರ ಕೇಬಲ್‌ನ ಬೈದೆ, ಕನೆಕ್ಟರ್ ಬಿಚ್ಚಿ ಬಿಚ್ಚಿ ಕಟ್ಟಿದೆ. ಆಮೇಲೆ ನಮ್ಮ ಹಿರಿಯರೊಬ್ರು ಸ್ಕ್ರೀನ್ ನೋಡಿ, "ಏನಪ್ಪಾ, ಲಿಂಕ್ ಕ್ವಾಲಿಟಿ ಆ ಕಡೆ 95 ಪರ್ಸೆಂಟ್, ನಿನ್ನ ಕಡೆ 40, ಕೇಬಲ್ ಆಗಿದ್ರೆ ಎರಡೂ ಕಡೆ ಹಾಳಾಗ್ಬೇಕಿತ್ತಲ್ವಾ?" ಅಂದ್ರು. ನಮ್ಮ ಡಿಶ್ ಎತ್ತರದಲ್ಲಿದೆ, ಕೆಳಗಿರೋ ಅಷ್ಟೂ ಮನೆಗಳ ವೈಫೈ ಗಲಾಟೆ ಅದರ ಕಿವಿಗೆ ಬೀಳ್ತಿತ್ತು. ಎತ್ತರ ಇದ್ದಷ್ಟೂ ಒಳ್ಳೇದು ಅಂತ ಹಟ ಹಿಡಿದು ಏರಿಸಿದ್ದು ನಾನೇ, ಯಾರನ್ನ ಬೈಲಿ.

ಸರಿ, ಬೇರೆ ಬ್ಯಾಂಡ್‌ಗೆ ಹೋಗೋಣ ಅಂತಾಯ್ತು. 900 ಮೆಗಾಹರ್ಟ್ಸ್ ಎಲ್ಲಾ ದೇಶದ ಹ್ಯಾಮ್‌ಗಳಿಗೂ ಸಿಗಲ್ಲ, ಅದನ್ನ ಬಿಟ್ವಿ. 5.8 ಗಿಗಾಹರ್ಟ್ಸ್‌ಗೆ ಹೋಗೋಣ ಅಂದಾಗ ನಾನೇ ಅಡ್ಡ ಹಾಕ್ದೆ, 8 ಕಿಲೋಮೀಟರ್‌ಗೆ 7.7 ಡಿಬಿ (ಡೆಸಿಬೆಲ್, ಸಿಗ್ನಲ್ ಏರಿಳಿತದ ಅಳತೆ) ಜಾಸ್ತಿ ಲಾಸ್ ಆಗುತ್ತೆ ಅಂತ. ಆ ಹಿರಿಯರು ನಕ್ಕು, ಅದೇ ಸೈಜಿನ ಡಿಶ್ ಇಟ್ರೆ ಎರಡೂ ಕಡೆ ಅಷ್ಟಷ್ಟೇ ಗೇನ್ (ಡಿಶ್ ಕೊಡೋ ಬಲ) ಜಾಸ್ತಿ ಸಿಗುತ್ತಲ್ಲ, ಒಂದು ಲಾಸ್‌ಗೆ ಹೋದ್ರೂ ಇನ್ನೊಂದು ನಿನಗೇ ಉಳೀತು ಅಂದ್ರು. ಮಧ್ಯದಲ್ಲಿ ಒಂದು ಮರದ ಸಾಲು ಬೇರೆ ಇದೆ. ಅಲ್ಲಿ ಫ್ರೆನೆಲ್ ಜೋನ್‌ನ (ಸಿಗ್ನಲ್ ದಾರಿ ಸುತ್ತ ಅಡ್ಡಿ ಇಲ್ಲದೆ ಇರ್ಬೇಕಾದ ಜಾಗ) ತ್ರಿಜ್ಯ 2.4ರಲ್ಲಾದ್ರೆ ಹತ್ತಿರ ಹತ್ತಿರ 16 ಮೀಟರ್, 5.8ರಲ್ಲಿ 10 ಮೀಟರ್ ಸಾಕು. ಸರ್, ಆ ಪಾಠಕ್ಕೆ ನಿಮಗೆ ದೊಡ್ಡ ನಮಸ್ಕಾರ.

ಅಲೈನ್‌ಮೆಂಟ್ ಮಾಡಿದ ರಾತ್ರಿ ಮಾತ್ರ ಮರೆಯೋಕಾಗಲ್ಲ. ಆ ಕಡೆ ಟೆರೇಸ್ ಮೇಲೆ ಗೆಳೆಯ, ಈ ಕಡೆ ನಾನು, ಮಾತಾಡೋಕೆ 2 ಮೀಟರ್ ಬ್ಯಾಂಡ್ ಹ್ಯಾಂಡಿ, ಅಂದ್ರೆ ವಾಕಿಟಾಕಿ ಥರದ ಕೈ ರೇಡಿಯೋ. ಅವ್ನು ಡಿಶ್‌ನ ಕೂದಲೆಳೆಯಷ್ಟು ತಿರುಗಿಸ್ತಾನೆ, ನಾನು ಓದ್ತೀನಿ: ಮೈನಸ್ 79, 78, 79. ಅಷ್ಟರ ಮೇಲೆ ಏರ್ತಾನೇ ಇಲ್ಲ. ಸಾಕು ನಟ್ ಬಿಗಿ ಮಾಡೋಣ ಅಂದೆ, ಅವ್ನು ಕೇಳ್ಲಿಲ್ಲ, ಇದು ಸೈಡ್ ಲೋಬ್ (ಡಿಶ್‌ನ ಮುಖ್ಯ ಕಿರಣದ ಪಕ್ಕದ ಸಣ್ಣ ಕಿರಣ) ಇರ್ಬೇಕು ಕಣೋ ಅಂತ ಪೂರ್ತಿ ಒಂದು ಗೇಣು ಆಚೆ ತಳ್ಳಿದ. ಸಿಗ್ನಲ್ ಮಾಯ. ನನಗೆ ಜೀವವೇ ಹೋದಂಗಾಯ್ತು. ಇನ್ನೊಂಚೂರು ತಳ್ಳಿದ, ಒಂದೇ ಏಟಿಗೆ ಮೈನಸ್ 61! ಹ್ಯಾಂಡಿಯಲ್ಲಿ ನಾನು ಕೂಗಿದ್ದು ಹ್ಯಾಂಡಿ ಇಲ್ಲದೇನೂ ಅವನಿಗೆ ಕೇಳಿಸ್ತೇನೋ. ಚಾನೆಲ್ ಅಗಲ 20ರಿಂದ 10 ಮೆಗಾಹರ್ಟ್ಸ್‌ಗೆ ಇಳಿಸಿದ್ಮೇಲೆ ಇನ್ನೂ 3 ಡಿಬಿ ಸಿಕ್ತು, ಸ್ಪೀಡ್ ಕಮ್ಮಿ ಆದ್ರೂ ಪರ್ವಾಗಿಲ್ಲ, ಎಮರ್ಜೆನ್ಸಿ ಟೈಮಲ್ಲಿ ಬೀಳದೆ ನಿಂತಿರೋ ಲಿಂಕ್ ಬೇಕು, ಓಡೋ ಲಿಂಕ್ ಅಲ್ಲ.

ಗೆಳೆಯಾ, ನೀನು ಅವತ್ತು ನನ್ನ ಮಾತು ಕೇಳಿದ್ರೆ ಇವತ್ತಿಗೂ 78ರಲ್ಲೇ ಇರ್ತಿದ್ವಿ. ನೋಡ್‌ನ (ಮೆಶ್‌ನ ಒಂದೊಂದು ರೇಡಿಯೋ ಕೇಂದ್ರ) ಒಳಗಿನ ಸಾಫ್ಟ್‌ವೇರ್ ಆದ ಫರ್ಮ್‌ವೇರ್‌ನ ಬಿಡುವಿನ ಟೈಮಲ್ಲಿ ಕೂತು ಬರೆದು ಫ್ರೀಯಾಗಿ ಕೊಡೋರಿಗೆ, ರಾತ್ರಿ ಹನ್ನೊಂದಕ್ಕೆ ಟೆರೇಸ್ ಮೇಲೆ ಟಾರ್ಚ್ ಹಾಕ್ಕೊಂಡು ಓಡಾಡಿದ್ರೂ ಕಳ್ಳ ಅಂದ್ಕೊಳ್ದೆ ಏಣಿ ಹಿಡ್ಕೊಂಡ ಪಕ್ಕದ್ಮನೆಯವ್ರಿಗೆ, ತಿಂಗಳುಗಟ್ಲೆ "ಡಿಬಿ" ಅನ್ನೋ ಪದ ಸಹಿಸ್ಕೊಂಡ ಮನೆಯವ್ರಿಗೆ, ಎಲ್ರಿಗೂ ಥ್ಯಾಂಕ್ಸ್.

ಮುಂದಿನ ನೋಡ್‌ಗೆ ಜಾಗ ನೋಡಿದೀನಿ, ಏಣಿ ಮತ್ತೆ ಬೇಕಾಗುತ್ತೆ. 73 (ಹ್ಯಾಮ್‌ಗಳ ಭಾಷೇಲಿ ಶುಭಾಶಯ).