ಅದೀ ಇಬ್ನ್ ಹಾತಿಂ ಕುರಿತು ಬರೆಯಹೊರಟ ಗೆಳೆಯರಿಗೆ

ಪ್ರಿಯ ಗೆಳೆಯರೇ,

ನಿಮ್ಮ ಕರಡು ಓದಿದೆ. ಪ್ರವಾದಿ ಮುಹಮ್ಮದರ ಕಾಲದ ಅರಬ್ ಮುಖಂಡ ಅದೀ ಎರಡನೇ ಪ್ಯಾರಾದಲ್ಲೇ ಇಸ್ಲಾಂ ಸ್ವೀಕರಿಸಿಬಿಡುತ್ತಾರೆ. ಅವರು ಬಿಟ್ಟುಕೊಡಬೇಕಾಗಿದ್ದದ್ದು ಏನೆಂದು ಗೊತ್ತಾಗದೆ ಓದುಗನಿಗೆ ಆ ಬದಲಾವಣೆ ತಟ್ಟುವುದಿಲ್ಲ.

ಅಲ್ಲಿಂದಲೇ ಶುರುಮಾಡಿ. ಅವರ ತಯ್ಯಿ ಕುಲದ ನೆಲೆ ಇಂದಿನ ಸೌದಿ ಅರೇಬಿಯಾದ ಹಾಯಿಲ್ ಬಳಿಯ ಅಜಾ, ಸಲ್ಮಾ ಬೆಟ್ಟಗಳು. ದಾನಕ್ಕೆ ಹೆಸರಾದ ‘ಹಾತಿಂ ತಾಯಿ’ (ಅಂದರೆ ತಯ್ಯಿ ಕುಲದ ಹಾತಿಂ) ಇವರ ತಂದೆ. ಹೆಸರು ನಮ್ಮವರಿಗೂ ಪರಿಚಿತ, ಹಾಗೆಂದು ಅರ್ಧ ಲೇಖನ ಅಪ್ಪನಿಗೇ ಹೋಗಬಾರದು. ಅದೀ ಕ್ರೈಸ್ತರು, ಮುಖಂಡರಾಗಿ ಲೂಟಿಯ ನಾಲ್ಕನೇ ಒಂದು ಪಾಲು ಪಡೆಯುತ್ತಿದ್ದರು. ಅದಕ್ಕೆ ಮಿರ್ಬಾ ಎನ್ನುತ್ತಾರೆ. ತನ್ನವರ ನಡುವೆ ತಾನು ರಾಜನಂತಿದ್ದೆ ಎಂದು ಅವರೇ ಹೇಳಿಕೊಂಡ ವರದಿ ಇದೆ. ಅದನ್ನು ನಂಬಿ ಸಿಂಹಾಸನ, ಅರಮನೆ ಎಳೆದು ತರಬೇಡಿ. ಬಂದವರಿಗೆ ಉಣಬಡಿಸಿ, ಕೊಲೆಯ ಪರಿಹಾರಕ್ಕೆ ಒಂಟೆ ಹೊಂದಿಸಿ, ಜಗಳ ಬಗೆಹರಿಸಿ ಉಳಿಸಿಕೊಳ್ಳಬೇಕಾದ ಯಜಮಾನಿಕೆ ಅದು.

ಇಸ್ಲಾಮಿ ಪಂಚಾಂಗದ ಹಿಜರಿ 9ರಲ್ಲಿ (ಕ್ರಿ.ಶ. 630) ಪ್ರವಾದಿಯ ಅಳಿಯ ಅಲೀ ಅವರ ಪಡೆ ತಯ್ಯಿ ನೆಲೆಗೆ ಬಂದಾಗ ಅದೀ ಮೊದಲೇ ಸಿದ್ಧವಾಗಿಟ್ಟಿದ್ದ ಒಂಟೆಗಳ ಮೇಲೆ ಸಂಸಾರವನ್ನು ಹತ್ತಿಸಿಕೊಂಡು ಸಿರಿಯಾಕ್ಕೆ ಓಡಿದರು. ಸಹೋದರಿಯನ್ನು ಬಿಟ್ಟುಹೋದರು. ಇದನ್ನು ಮರೆಮಾಚಬೇಡಿ. ಸೆರೆಯಾದ ಆಕೆಯನ್ನು ಪ್ರವಾದಿ ಮುಹಮ್ಮದರು ಬಟ್ಟೆ, ವಾಹನ, ದಾರಿಖರ್ಚು ಕೊಟ್ಟು ಕಳುಹಿಸಿದರು. ಆಕೆ ಅದೀ ಅವರನ್ನು ಮುಖದ ಮೇಲೆಯೇ ಬೈದು, ನಂತರ ಮದೀನಾಕ್ಕೆ ಹೋಗೆಂದು ಹೇಳಿದಳು. ಕಥೆ ತಿರುಗುವುದು ಇಲ್ಲಿ.

ಮದೀನಾದ ಭೇಟಿಗೆ ಜಾಗ ಕೊಡಿ. ದಾರಿಯಲ್ಲಿ ಒಬ್ಬ ಮುದುಕಿ ಪ್ರವಾದಿಯನ್ನು ತಡೆದು ಬಹಳ ಹೊತ್ತು ತನ್ನ ಅಹವಾಲು ಹೇಳಿಕೊಳ್ಳುತ್ತಾಳೆ. ಮನೆಯಲ್ಲಿ ಖರ್ಜೂರದ ನಾರು ತುಂಬಿದ ಚರ್ಮದ ದಿಂಬು ಒಂದೇ. ಅದು ಅತಿಥಿಗೆ, ಪ್ರವಾದಿ ನೆಲದ ಮೇಲೆ. ಆಮೇಲೆ ಆ ನಾಲ್ಕನೇ ಒಂದು ಪಾಲಿನ ಬಗ್ಗೆ ಪ್ರವಾದಿಯ ಪ್ರಶ್ನೆ: ಅದು ನಿನ್ನ ಧರ್ಮದಲ್ಲೇ ಸಲ್ಲದಲ್ಲವೇ? ಮಿರ್ಬಾ ಬಗ್ಗೆ ಮೊದಲೇ ಬರೆದಿದ್ದರೆ ಇಲ್ಲಿ ವಿವರಣೆ ಬೇಕಾಗುವುದಿಲ್ಲ, ಪ್ರಶ್ನೆ ತಾನಾಗಿ ನಾಟುತ್ತದೆ. ಇದು ಪ್ರವಾದಿಯ ಚರಿತ್ರೆ ಬರೆದ ಎಂಟನೇ ಶತಮಾನದ ಇಬ್ನ್ ಇಸ್‌ಹಾಕ್ ಕೊಡುವ, ಅದೀ ಅವರದೇ ನಿರೂಪಣೆ. ಹಾಗೆಂದು ಹೇಳಿಯೇ ಬರೆಯಿರಿ.

ಬಿಳಿ ನೂಲು, ಕಪ್ಪು ನೂಲಿನ ಪ್ರಸಂಗದಲ್ಲಿ ಎಡವಿದ್ದೀರಿ. ಮುಂಜಾವಿನ ಬಿಳಿ ನೂಲು ಕಪ್ಪು ನೂಲಿನಿಂದ ಬೇರೆಯಾಗಿ ಕಾಣುವವರೆಗೆ ಉಣ್ಣಿ ಎಂಬ ಉಪವಾಸದ ಆಯತ್ತನ್ನು (ಕುರ್‌ಆನ್ ವಚನವನ್ನು) ಅಕ್ಷರಶಃ ತೆಗೆದುಕೊಂಡು ಅದೀ ದಿಂಬಿನಡಿ ಎರಡು ನೂಲಿಟ್ಟು ರಾತ್ರಿಯಿಡೀ ನೋಡಿದರು, ನಿಜ. ಆದರೆ ಉಪವಾಸದ ಕಟ್ಟಳೆ ಬಂದದ್ದು ಹಿಜರಿ 2ರಲ್ಲಿ. ಆಗ ಇವರು ಇನ್ನೂ ಕ್ರೈಸ್ತರು. ಆಯತ್ತನ್ನು ಇವರಿಗೆ ಕಲಿಸಿದ ಕಾಲದ ಘಟನೆ ಎಂದು ವ್ಯಾಖ್ಯಾನಕಾರರು ತಿಳಿಯುತ್ತಾರೆ. ಮದೀನಾ ಭೇಟಿಯ ನಂತರಕ್ಕೆ ಸರಿಸಿ.

ಮತಾಂತರಕ್ಕೆ ಲೇಖನ ನಿಲ್ಲಿಸಬೇಡಿ. ಪ್ರವಾದಿ ತೀರಿಕೊಂಡ ಮೇಲೆ, 632ರಲ್ಲಿ, ತಯ್ಯಿ ಕುಲದ ಹಲವರು, ತಾನೂ ಪ್ರವಾದಿ ಎಂದುಕೊಂಡು ದಂಗೆಯೆದ್ದ ತುಲೈಹಾನ ಕಡೆಗಿದ್ದರು. ಮುಸ್ಲಿಂ ಸೇನಾನಿ ಖಾಲಿದ್ ದಾಳಿಗೆ ಬಂದಾಗ ಅದೀ ಮೂರು ದಿನ ಗಡುವು ಕೇಳಿದರು. ತುಲೈಹಾನ ಬೀಡಾದ ಬುಝಾಖಾದಲ್ಲಿದ್ದ ತಮ್ಮವರನ್ನು ಮೊದಲು ಹಿಂದೆ ಕರೆಸದಿದ್ದರೆ ಅವರ ಜೀವಕ್ಕೇ ಅಪಾಯವಿತ್ತು. ಯುದ್ಧವಿಲ್ಲದೆ ಕುಲ ಇಸ್ಲಾಂಗೆ ಮರಳಿತು. ಯಜಮಾನಿಕೆ ಎಂದರೆ ಏನೆಂದು ಮೊದಲ ಪ್ಯಾರಾದಲ್ಲಿ ಹೇಳಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಮುಂದೆ ಅಲೀ ಮತ್ತು ಮುಆವಿಯಾ ನಡುವೆ ನಡೆದ ಸಿಫ್ಫೀನ್ ಯುದ್ಧದಲ್ಲಿ ಅಲೀ ಪರ ನಿಂತದ್ದಕ್ಕೆ ಒಂದು ಸಾಲು ಸಾಕು.

ಮತ್ತೆರಡು ಸಣ್ಣ ಮಾತು. ಮತಾಂತರಕ್ಕೆ ಮುಂಚೆ ‘ಅವನು’, ಆಮೇಲೆ ‘ಅವರು’ ಮಾಡಿದ್ದೀರಿ. ಉದ್ದಕ್ಕೂ ಒಂದೇ ಇರಲಿ. ಹಿಜರಿಯನ್ನು ಕ್ರಿ.ಶ.ಕ್ಕೆ ತರಲು ಸುಮ್ಮನೆ 622 ಕೂಡಿಸಬೇಡಿ. ಚಾಂದ್ರ ವರ್ಷ ಸುಮಾರು 11 ದಿನ ಚಿಕ್ಕದು. 0.97ರಿಂದ ಗುಣಿಸಿ ಆಮೇಲೆ 622 ಕೂಡಿಸಿ. ಅದೀ ತೀರಿಕೊಂಡದ್ದು ಹಿಜರಿ 67ರ ಸುಮಾರಿಗೆ, ಅಂದರೆ 687; ನೀವು ಬರೆದಿರುವ 689 ಅಲ್ಲ.

ತಿದ್ದಿದ ಪ್ರತಿ ಕಳುಹಿಸಿ.